‘ಅಂಥ ಕಡತವೇ ಇಲ್ಲ’: ಪಿಎಚ್‌ಪಿಯಲ್ಲಿ ಇನ್‌ಕ್ಲೂಡ್ ದಾರಿ ತಪ್ಪುವುದೇಕೆ?

ಮನೆಯ ಲ್ಯಾಪ್‌ಟಾಪಿನಲ್ಲಿ ತಿಂಗಳುಗಟ್ಟಲೆ ಸರಿಯಾಗಿ ಓಡಿದ ಜಾಲತಾಣವನ್ನು ಬಾಡಿಗೆಯ ಸರ್ವರ್‌ಗೆ ಏರಿಸಿದ ಕೂಡಲೇ ಪುಟದ ನೆತ್ತಿಯ ಮೇಲೆ ಒಂದು ಎಚ್ಚರಿಕೆ ಕಾಣಿಸಿಕೊಳ್ಳುವುದುಂಟು: ‘ಫೇಲ್ಡ್ ಟು ಓಪನ್ ಸ್ಟ್ರೀಮ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ’. ಕಡತವನ್ನು ತೆರೆಯಲಾಗಲಿಲ್ಲ, ಅಂಥ ಕಡತವಾಗಲಿ ಫೋಲ್ಡರ್ ಆಗಲಿ ಇಲ್ಲ ಎಂಬುದು ಇದರ ತಾತ್ಪರ್ಯ. ಹೋಸ್ಟಿಂಗ್‌ನ ಫೈಲ್ ಮ್ಯಾನೇಜರ್ ತೆರೆದು ನೋಡಿದರೆ ಆ ಕಡತ ಇರಬೇಕಾದ ಜಾಗದಲ್ಲೇ ಇರುತ್ತದೆ. ಇನ್ನೂ ವಿಚಿತ್ರವೆಂದರೆ, ಅದೇ ತಾಣದ ಒಂದು ಪುಟ ಆ ಕಡತವನ್ನು ಸರಾಗವಾಗಿ ಬಳಸುತ್ತಿದ್ದರೆ ಇನ್ನೊಂದು ಪುಟ ಅದು ಇಲ್ಲವೆಂದು ಹಟ ಹಿಡಿದಿರುತ್ತದೆ.

ಹೊಸದಾಗಿ ಪಿಎಚ್‌ಪಿ ಕಲಿಯುತ್ತಿರುವವರು ಮಾತ್ರವಲ್ಲ, ತಮ್ಮ ಸಂಸ್ಥೆಯ ತಾಣವನ್ನು ಒಂದು ಹೋಸ್ಟಿಂಗ್‌ನಿಂದ ಇನ್ನೊಂದಕ್ಕೆ ಸಾಗಿಸಬೇಕಾಗಿ ಬಂದ ಯಾರಾದರೂ ಈ ಸಂದೇಶವನ್ನು ಎದುರಿಸಬೇಕಾಗುತ್ತದೆ. ಇದರ ಹಿಂದಿರುವ ನಿಯಮಗಳು ಕೆಲವೇ. ಆದರೆ ಅವುಗಳಲ್ಲಿ ಒಂದು ನಮ್ಮ ಸಹಜ ಊಹೆಗೆ ವಿರುದ್ಧವಾಗಿದೆ, ಗೊಂದಲಗಳಲ್ಲಿ ಬಹುಪಾಲು ಅದರಿಂದಲೇ ಹುಟ್ಟುತ್ತವೆ.

ಓದಲು ಸುಲಭವಾಗಲೆಂದು ಇಲ್ಲಿ ಆಜ್ಞೆಗಳನ್ನೂ ಕಡತಗಳ ಹೆಸರುಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಸರ್ವರ್‌ನಲ್ಲಿ ಅವು ಇಂಗ್ಲಿಷ್ ಅಕ್ಷರಗಳಲ್ಲಿರುತ್ತವೆ ಎಂಬುದನ್ನು ಓದುಗರು ಗಮನಿಸಬೇಕು.

## ಇನ್‌ಕ್ಲೂಡ್ ಮಾಡುವ ಕೆಲಸ

ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಸಾರ್ವಜನಿಕರಿಗೆ ಬಿಡುಗಡೆ ಮಾಡಿದ ಪಿಎಚ್‌ಪಿ, ಸರ್ವರ್‌ನಲ್ಲಿ ಓಡುವ ಭಾಷೆ. ಓದುಗನ ಬ್ರೌಸರ್ ಒಂದು ಪುಟವನ್ನು ಕೇಳಿದಾಗ ಸರ್ವರ್ ಆ ಪುಟದ ಪಿಎಚ್‌ಪಿ ಕಡತವನ್ನು ಓಡಿಸಿ, ಅದರಿಂದ ಹೊರಬಂದ ಎಚ್‌ಟಿಎಮ್‌ಎಲ್ ಅನ್ನಷ್ಟೇ ಕಳುಹಿಸುತ್ತದೆ. ತಾಣದ ಎಲ್ಲ ಪುಟಗಳಲ್ಲೂ ಒಂದೇ ತಲೆಪಟ್ಟಿ, ಒಂದೇ ಮೆನು, ಒಂದೇ ಅಡಿಬರಹ ಇರುವುದರಿಂದ ಅವನ್ನು ಪುಟಪುಟಕ್ಕೂ ನಕಲು ಮಾಡುವ ಬದಲು ಬೇರೆ ಕಡತಗಳಲ್ಲಿ ಬರೆದಿಟ್ಟು, ಬೇಕಾದಲ್ಲಿ ಸೇರಿಸಿಕೊಳ್ಳುವುದು ರೂಢಿ. ಹೀಗೆ ಸೇರಿಸಿಕೊಳ್ಳುವ ಆಜ್ಞೆಯೇ ಇನ್‌ಕ್ಲೂಡ್. ಆ ಸಾಲು ಬಂದಾಗ ಪಿಎಚ್‌ಪಿ ಹೆಸರಿಸಿದ ಕಡತವನ್ನು ಹುಡುಕಿ ತೆಗೆದು, ಅದರಲ್ಲಿರುವುದನ್ನು ಆ ಜಾಗದಲ್ಲೇ ಓಡಿಸಿ, ಮತ್ತೆ ಮುಂದಿನ ಸಾಲಿಗೆ ಬರುತ್ತದೆ.

ರಿಕ್ವೈರ್ ಎಂಬ ಇನ್ನೊಂದು ಆಜ್ಞೆಯೂ ಇದೇ ಕೆಲಸ ಮಾಡುತ್ತದೆ. ವ್ಯತ್ಯಾಸವಿರುವುದು ಕಡತ ಸಿಗದಿದ್ದಾಗ: ಇನ್‌ಕ್ಲೂಡ್ ಎಚ್ಚರಿಕೆ ಕೊಟ್ಟು ಮುಂದುವರಿಯುತ್ತದೆ, ರಿಕ್ವೈರ್ ಅಲ್ಲಿಗೇ ನಿಂತುಬಿಡುತ್ತದೆ. ಮೆನು ಇಲ್ಲದ ಪುಟವನ್ನು ಹೇಗೋ ಓದಬಹುದು. ಡೇಟಾಬೇಸ್ ಸಂಪರ್ಕದ ಕಡತವಿಲ್ಲದ ಪುಟ ಮುಂದುವರಿದು ಪ್ರಯೋಜನವಿಲ್ಲ. ಹಾಗಾಗಿ ಅನಿವಾರ್ಯವಾದ ಕಡತಗಳಿಗೆ ರಿಕ್ವೈರ್ ಬಳಸುವುದು ಸರಿಯಾದ ಕ್ರಮ. ಇವೆರಡರ ಹೆಸರಿನ ಕೊನೆಗೆ ‘_ಒನ್ಸ್’ ಸೇರಿಸಿದರೆ ಈಗಾಗಲೇ ಸೇರಿಸಿಕೊಂಡಿರುವ ಕಡತವನ್ನು ಪಿಎಚ್‌ಪಿ ಮತ್ತೆ ಸೇರಿಸುವುದಿಲ್ಲ. ಒಂದೇ ಫಂಕ್ಷನ್ ಎರಡು ಸಲ ಘೋಷಣೆಯಾಗಿ ಕೆಲಸ ನಿಲ್ಲುವುದು ಇದರಿಂದ ತಪ್ಪುತ್ತದೆ. ಕಡತವನ್ನು ಹುಡುಕುವ ನಿಯಮಗಳು ನಾಲ್ಕಕ್ಕೂ ಒಂದೇ ಆದ್ದರಿಂದ ಮುಂದೆ ‘ಇನ್‌ಕ್ಲೂಡ್’ ಎಂದಷ್ಟೇ ಬರೆಯಲಾಗಿದೆ.

## ಒಂದೇ ಸ್ಲ್ಯಾಶ್, ಎರಡು ಅರ್ಥ

ಕಡತವೊಂದು ಡಿಸ್ಕ್‌ನಲ್ಲಿ ಎಲ್ಲಿದೆ ಎಂಬುದನ್ನು ಫೋಲ್ಡರ್‌ಗಳ ಸಾಲಾಗಿ ತಿಳಿಸುವ ಬರಹವನ್ನು ಪಾತ್ ಎನ್ನುತ್ತಾರೆ. ಉದಾಹರಣೆಗಾಗಿ ಪುಸ್ತಕದ ಅಂಗಡಿಯೊಂದರ ತಾಣವನ್ನು ಕಲ್ಪಿಸಿಕೊಳ್ಳೋಣ. ಲಿನಕ್ಸ್ ಸರ್ವರ್‌ನಲ್ಲಿ ಅದರ ಕಡತಗಳು ಹೀಗಿವೆ:

/ಹೋಮ್/ಮಳಿಗೆ/ಸೈಟ್/ಮುಖಪುಟ.ಪಿಎಚ್‌ಪಿ
/ಹೋಮ್/ಮಳಿಗೆ/ಸೈಟ್/ಭಾಗಗಳು/ತಲೆಪಟ್ಟಿ.ಪಿಎಚ್‌ಪಿ
/ಹೋಮ್/ಮಳಿಗೆ/ಸೈಟ್/ಭಾಗಗಳು/ಮೆನು.ಪಿಎಚ್‌ಪಿ
/ಹೋಮ್/ಮಳಿಗೆ/ಸೈಟ್/ನಿರ್ವಹಣೆ/ವರದಿ.ಪಿಎಚ್‌ಪಿ

ಸಾಲಿನ ಮೊದಲಿಗೇ ಬರುವ ಸ್ಲ್ಯಾಶ್ ಇಡೀ ಕಡತ ವ್ಯವಸ್ಥೆಯ ಬೇರು, ಅಂದರೆ ರೂಟ್. ಇದರೊಳಗಿನ ‘ಸೈಟ್’ ಫೋಲ್ಡರ್ ಮಾತ್ರ ಹೊರಜಗತ್ತಿಗೆ ತೆರೆದಿದೆ ಎಂದುಕೊಳ್ಳೋಣ. ವೆಬ್ ಸರ್ವರ್‌ನ ಸೆಟ್ಟಿಂಗ್‌ನಲ್ಲಿ ಹೀಗೆ ತೆರೆದಿಟ್ಟ ಫೋಲ್ಡರಿಗೆ ಡಾಕ್ಯುಮೆಂಟ್ ರೂಟ್ ಎಂದು ಹೆಸರು. ವಿಂಡೋಸ್‌ನಲ್ಲಿ ಎಕ್ಸಾಂಪ್ ಹಾಕಿಕೊಂಡವರಿಗೆ ಇದು ‘ಎಚ್‌ಟಿಡಾಕ್ಸ್’ ಎಂಬ ಫೋಲ್ಡರ್ ಆಗಿಯೂ, ಸಿಪ್ಯಾನೆಲ್ ಇರುವ ಹೋಸ್ಟಿಂಗ್ ಬಳಸುವವರಿಗೆ ‘ಪಬ್ಲಿಕ್_ಎಚ್‌ಟಿಎಮ್‌ಎಲ್’ ಆಗಿಯೂ ಪರಿಚಿತ.

ಇದರಿಂದಾಗಿ ಒಂದೇ ಕಡತಕ್ಕೆ ಎರಡು ಬಗೆಯ ಗುರುತುಗಳು ಉಂಟಾಗುತ್ತವೆ. ಬ್ರೌಸರ್‌ನ ದೃಷ್ಟಿಯಲ್ಲಿ ವರದಿಯ ಪುಟ ಇರುವುದು ‘/ನಿರ್ವಹಣೆ/ವರದಿ.ಪಿಎಚ್‌ಪಿ’ ಎಂಬಲ್ಲಿ, ಏಕೆಂದರೆ ಬ್ರೌಸರ್‌ಗೆ ಮೊದಲ ಸ್ಲ್ಯಾಶ್ ಎಂದರೆ ತಾಣದ ಬೇರು. ಪಿಎಚ್‌ಪಿಯ ದೃಷ್ಟಿಯಲ್ಲಿ ಅದೇ ಸ್ಲ್ಯಾಶ್ ಡಿಸ್ಕ್‌ನ ಬೇರು. ಎಚ್‌ಟಿಎಮ್‌ಎಲ್‌ನಲ್ಲಿ ಚಿತ್ರಕ್ಕೋ ಲಿಂಕಿಗೋ ‘/ಭಾಗಗಳು/...’ ಎಂದು ಬರೆದು ಅಭ್ಯಾಸವಾದವರು ಇನ್‌ಕ್ಲೂಡ್‌ನಲ್ಲೂ ಹಾಗೆಯೇ ಬರೆದಾಗ, ಪಿಎಚ್‌ಪಿ ಡಿಸ್ಕ್‌ನ ಬೇರಿನಲ್ಲೇ ‘ಭಾಗಗಳು’ ಎಂಬ ಫೋಲ್ಡರನ್ನು ಹುಡುಕಿ, ಕಾಣದೆ, ಇಲ್ಲವೆನ್ನುತ್ತದೆ. ಅದು ಸುಳ್ಳು ಹೇಳುತ್ತಿಲ್ಲ. ಅಲ್ಲಿ ನಿಜವಾಗಿಯೂ ಇಲ್ಲ.

ಹಾಗಾದರೆ ತಾಣದ ಪೂರ್ಣ ವೆಬ್ ವಿಳಾಸವನ್ನೇ ಇನ್‌ಕ್ಲೂಡ್‌ಗೆ ಕೊಟ್ಟರೆ ಹೇಗೆ ಎಂಬ ಯೋಚನೆ ಬರುವುದು ಸಹಜ. ಅದು ಸಲ್ಲದು. ವೆಬ್ ವಿಳಾಸದ ಮೂಲಕ ಕೇಳಿದರೆ ಸರ್ವರ್ ಆ ಕಡತವನ್ನು ಪ್ರತ್ಯೇಕವಾಗಿ ಓಡಿಸಿ ಅದರ ಫಲಿತಾಂಶವನ್ನಷ್ಟೇ ಕೊಡುತ್ತದೆ, ಒಳಗಿನ ಫಂಕ್ಷನ್‌ಗಳಾಗಲಿ ವೇರಿಯಬಲ್‌ಗಳಾಗಲಿ ನಮ್ಮ ಕೈಗೆ ಸಿಗುವುದಿಲ್ಲ. ಬೇರೆಯವರ ಸರ್ವರ್‌ನಿಂದ ಬಂದ ಬರಹವನ್ನು ನಮ್ಮ ಸರ್ವರ್‌ನಲ್ಲಿ ಓಡಿಸುವ ಅಪಾಯವೂ ಇದರಲ್ಲಿದೆ. ಈ ಕಾರಣಕ್ಕೆ 2006ರಲ್ಲಿ ಬಂದ ಪಿಎಚ್‌ಪಿ 5.2ರಿಂದ ಇದಕ್ಕೆಂದೇ ಪ್ರತ್ಯೇಕ ಸೆಟ್ಟಿಂಗ್ ಇದ್ದು, ಅದನ್ನು ಮೊದಲಿನಿಂದಲೂ ಆಫ್ ಮಾಡಿಯೇ ಇಡಲಾಗಿದೆ.

## ಪೂರ್ಣ ಪಾತ್, ಸಾಪೇಕ್ಷ ಪಾತ್

ಬೇರಿನಿಂದ ಹಿಡಿದು ಕಡತದವರೆಗೂ ಎಲ್ಲವನ್ನೂ ಹೇಳುವುದು ಪೂರ್ಣ ಪಾತ್. ವಿಂಡೋಸ್‌ನಲ್ಲಿ ಇದು ಸ್ಲ್ಯಾಶ್ ಬದಲು ಸಿ, ಡಿ ಮುಂತಾದ ಡ್ರೈವ್ ಅಕ್ಷರದಿಂದ ಶುರುವಾಗುತ್ತದೆ. ಯಾರು ಓದಿದರೂ, ಎಲ್ಲಿಂದ ಓದಿದರೂ ಇದರ ಅರ್ಥ ಬದಲಾಗುವುದಿಲ್ಲ.

ಸಾಪೇಕ್ಷ ಪಾತ್ ಯಾವುದೋ ಒಂದು ಫೋಲ್ಡರಿನಿಂದ ಎಣಿಕೆ ಆರಂಭಿಸುತ್ತದೆ. ಇದರಲ್ಲಿ ಒಂದು ಚುಕ್ಕೆಗೆ ‘ಈ ಫೋಲ್ಡರ್’ ಎಂದೂ, ಎರಡು ಚುಕ್ಕೆಗೆ ‘ಇದರ ಮೇಲಿನ ಫೋಲ್ಡರ್’ ಎಂದೂ ಅರ್ಥ. ಯುನಿಕ್ಸ್ ಕಾಲದಿಂದ ಬಂದಿರುವ ಈ ಸಂಕೇತಗಳನ್ನು ವಿಂಡೋಸ್ ಕೂಡ ಒಪ್ಪುತ್ತದೆ. ‘../ಭಾಗಗಳು/ಮೆನು.ಪಿಎಚ್‌ಪಿ’ ಎಂದರೆ ಒಂದು ಹಂತ ಮೇಲೆ ಹತ್ತಿ, ಅಲ್ಲಿಂದ ‘ಭಾಗಗಳು’ ಫೋಲ್ಡರಿಗೆ ಇಳಿದು, ಮೆನು ಕಡತವನ್ನು ತೆಗೆದುಕೋ ಎಂದಂತಾಯಿತು. ಇಲ್ಲಿಯವರೆಗೆ ತೊಡಕೇನೂ ಇಲ್ಲ. ಎಣಿಕೆ ಶುರುವಾಗುವ ಆ ‘ಯಾವುದೋ ಒಂದು ಫೋಲ್ಡರ್’ ಯಾವುದು ಎಂಬುದನ್ನು ಪಾತ್ ತಾನಾಗಿ ಹೇಳುವುದಿಲ್ಲ ಎಂಬಲ್ಲಿ ತೊಡಕು ಆರಂಭವಾಗುತ್ತದೆ.

## ಎಣಿಕೆ ಶುರುವಾಗುವುದು ಎಲ್ಲಿಂದ?

ಇನ್‌ಕ್ಲೂಡ್ ಸಾಲು ಯಾವ ಕಡತದಲ್ಲಿದೆಯೋ ಆ ಕಡತ ಇರುವ ಫೋಲ್ಡರಿನಿಂದಲೇ ಎಣಿಕೆ ಶುರುವಾಗುತ್ತದೆ ಎಂದು ಬಹುತೇಕ ಎಲ್ಲರೂ ಮೊದಲು ಊಹಿಸುತ್ತಾರೆ. ಈ ಊಹೆ ತಪ್ಪು. ಚುಕ್ಕೆಯಿಂದ ಶುರುವಾಗುವ ಪಾತ್‌ಗಳನ್ನು ಪಿಎಚ್‌ಪಿ ಎಣಿಸುವುದು ಆ ಹೊತ್ತಿಗೆ ಓಡುತ್ತಿರುವ ಕಾರ್ಯಕ್ರಮದ ‘ಕರೆಂಟ್ ವರ್ಕಿಂಗ್ ಡೈರೆಕ್ಟರಿ’ಯಿಂದ, ಇದನ್ನು ಕೆಲಸದ ಫೋಲ್ಡರ್ ಎಂದು ಕರೆಯೋಣ. ವೆಬ್ ಮೂಲಕ ಬಂದ ಕೋರಿಕೆಯಲ್ಲಿ ಸಾಮಾನ್ಯವಾಗಿ ಬ್ರೌಸರ್ ಮೊದಲು ಕೇಳಿದ ಕಡತ ಯಾವ ಫೋಲ್ಡರಿನಲ್ಲಿದೆಯೋ ಅದೇ ಕೆಲಸದ ಫೋಲ್ಡರ್ ಆಗುತ್ತದೆ. ಆ ಕಡತ ಇನ್ನೊಂದನ್ನು, ಅದು ಮತ್ತೊಂದನ್ನು ಸೇರಿಸಿಕೊಳ್ಳುತ್ತ ಎಷ್ಟೇ ಆಳಕ್ಕೆ ಹೋದರೂ ಕೆಲಸದ ಫೋಲ್ಡರ್ ಕದಲುವುದಿಲ್ಲ.

ನೆಂಟರಿಗೆ ಮನೆಯ ದಾರಿಯನ್ನು ಚೀಟಿಯಲ್ಲಿ ಬರೆದು ಕಳಿಸಿದಂತೆ ಇದು. ನಾವು ಜಗಲಿಯ ಮೇಲೆ ಕೂತು ‘ಇಲ್ಲಿಂದ ಎಡಕ್ಕೆ ತಿರುಗಿದರೆ ಮೂರನೆಯ ಮನೆ ಚಿಕ್ಕಪ್ಪನದು’ ಎಂದು ಬರೆದಿರುತ್ತೇವೆ. ನೆಂಟರು ಚೀಟಿ ಬಿಡಿಸಿ ಓದುವುದು ಬಸ್ ನಿಲ್ದಾಣದಲ್ಲಿ ನಿಂತು. ಅವರು ಅಲ್ಲಿಂದಲೇ ಎಡಕ್ಕೆ ತಿರುಗುತ್ತಾರೆ. ಚೀಟಿಯಲ್ಲಿ ಅಕ್ಷರದ ತಪ್ಪೂ ಇಲ್ಲ, ಚಿಕ್ಕಪ್ಪನ ಮನೆಯೂ ಇದ್ದಲ್ಲೇ ಇದೆ.

ಅಂಗಡಿಯ ತಾಣದಲ್ಲಿ ಇದು ಹೇಗೆ ನಡೆಯುತ್ತದೆಂದು ಹಂತ ಹಂತವಾಗಿ ನೋಡಬಹುದು. ಮುಖಪುಟದಲ್ಲಿ ಹೀಗೊಂದು ಸಾಲಿದೆ:

ಇನ್‌ಕ್ಲೂಡ್ './ಭಾಗಗಳು/ತಲೆಪಟ್ಟಿ.ಪಿಎಚ್‌ಪಿ';

ಬ್ರೌಸರ್ ಕೇಳಿದ್ದು ಮುಖಪುಟವನ್ನು, ಆದ್ದರಿಂದ ಕೆಲಸದ ಫೋಲ್ಡರ್ ‘ಸೈಟ್’. ತಲೆಪಟ್ಟಿ ಸರಿಯಾಗಿ ಸಿಗುತ್ತದೆ. ಈಗ ತಲೆಪಟ್ಟಿಯ ಒಳಗೆ, ಮೆನು ಪಕ್ಕದಲ್ಲೇ ಇದೆಯೆಂಬ ಭರವಸೆಯಿಂದ ಹೀಗೆ ಬರೆದಿದೆ:

ಇನ್‌ಕ್ಲೂಡ್ './ಮೆನು.ಪಿಎಚ್‌ಪಿ';

ತಲೆಪಟ್ಟಿ ಇರುವುದು ‘ಭಾಗಗಳು’ ಫೋಲ್ಡರಿನಲ್ಲಾದರೂ ಕೆಲಸದ ಫೋಲ್ಡರ್ ಈಗಲೂ ‘ಸೈಟ್’. ಪಿಎಚ್‌ಪಿ ಹುಡುಕುವುದು ‘/ಹೋಮ್/ಮಳಿಗೆ/ಸೈಟ್/ಮೆನು.ಪಿಎಚ್‌ಪಿ’ ಎಂಬ ಕಡತವನ್ನು. ಅದು ಅಲ್ಲಿಲ್ಲ, ಎಚ್ಚರಿಕೆ ಬರುತ್ತದೆ. ಬರೆದವರು ತಲೆ ಕೆರೆದುಕೊಂಡು, ತಲೆಪಟ್ಟಿಯ ಸಾಲನ್ನು ‘./ಭಾಗಗಳು/ಮೆನು.ಪಿಎಚ್‌ಪಿ’ ಎಂದು ತಿದ್ದುತ್ತಾರೆ. ಮುಖಪುಟ ಸರಿಯಾಗುತ್ತದೆ, ಸಮಸ್ಯೆ ಬಗೆಹರಿಯಿತೆಂದು ಸಮಾಧಾನವಾಗುತ್ತದೆ.

ಆಮೇಲೊಂದು ದಿನ ‘ನಿರ್ವಹಣೆ’ ಫೋಲ್ಡರಿನ ವರದಿ ಪುಟಕ್ಕೂ ಅದೇ ತಲೆಪಟ್ಟಿ ಬೇಕಾಗಿ, ಅಲ್ಲಿ ‘../ಭಾಗಗಳು/ತಲೆಪಟ್ಟಿ.ಪಿಎಚ್‌ಪಿ’ ಎಂದು ಸೇರಿಸಿಕೊಳ್ಳುತ್ತಾರೆ. ಈಗ ಬ್ರೌಸರ್ ಕೇಳಿದ್ದು ವರದಿಯನ್ನು, ಆದ್ದರಿಂದ ಕೆಲಸದ ಫೋಲ್ಡರ್ ‘ನಿರ್ವಹಣೆ’. ತಲೆಪಟ್ಟಿ ಸಿಗುತ್ತದೆ, ಆದರೆ ಅದರೊಳಗಿನ ‘./ಭಾಗಗಳು/ಮೆನು.ಪಿಎಚ್‌ಪಿ’ ಈಗ ‘/ಹೋಮ್/ಮಳಿಗೆ/ಸೈಟ್/ನಿರ್ವಹಣೆ/ಭಾಗಗಳು/ಮೆನು.ಪಿಎಚ್‌ಪಿ’ ಎಂದಾಗುತ್ತದೆ. ಮತ್ತೆ ಎಚ್ಚರಿಕೆ. ವರದಿಗೆ ಹೊಂದುವಂತೆ ತಿದ್ದಿದರೆ ಮುಖಪುಟ ಕೆಡುತ್ತದೆ, ಮುಖಪುಟಕ್ಕೆ ಹೊಂದಿಸಿದರೆ ವರದಿ ಕೆಡುತ್ತದೆ. ಬೇರೆ ಬೇರೆ ಆಳದ ಫೋಲ್ಡರ್‌ಗಳಿಂದ ಕರೆಸಿಕೊಳ್ಳುವ ಕಡತದಲ್ಲಿ, ಚುಕ್ಕೆಯಿಂದ ಶುರುವಾಗುವ ಯಾವ ಒಂದು ಪಾತ್ ಕೂಡ ಎಲ್ಲರಿಗೂ ಸರಿಹೊಂದಲಾರದು.

## ಬರಿಯ ಹೆಸರು ಕೊಟ್ಟಾಗ

ಮೇಲಿನ ಉದಾಹರಣೆಯಲ್ಲಿ ಚುಕ್ಕೆ, ಸ್ಲ್ಯಾಶ್ ಎರಡನ್ನೂ ಬಿಟ್ಟು ‘ಮೆನು.ಪಿಎಚ್‌ಪಿ’ ಎಂದಷ್ಟೇ ಬರೆದಿದ್ದರೆ ಎರಡೂ ಪುಟಗಳು ಸರಿಯಾಗಿ ಕೆಲಸ ಮಾಡುತ್ತಿದ್ದವು. ‘./ಮೆನು.ಪಿಎಚ್‌ಪಿ’ ಮತ್ತು ‘ಮೆನು.ಪಿಎಚ್‌ಪಿ’ ಒಂದೇ ಎಂದು ನಂಬಿರುವವರಿಗೆ ಇದು ಅಚ್ಚರಿ ಎನಿಸಬಹುದು.

ಬರಿಯ ಹೆಸರು ಕೊಟ್ಟಾಗ ಪಿಎಚ್‌ಪಿಯ ಹುಡುಕಾಟದ ಕ್ರಮವೇ ಬೇರೆ. ‘ಇನ್‌ಕ್ಲೂಡ್_ಪಾತ್’ ಎಂಬ ಸೆಟ್ಟಿಂಗ್‌ನಲ್ಲಿ ಪಟ್ಟಿ ಮಾಡಿರುವ ಫೋಲ್ಡರ್‌ಗಳನ್ನು ಅದು ಒಂದೊಂದಾಗಿ ನೋಡುತ್ತ ಹೋಗುತ್ತದೆ. ಈ ಪಟ್ಟಿಯಲ್ಲಿ ಫೋಲ್ಡರ್‌ಗಳ ನಡುವೆ ಲಿನಕ್ಸ್‌ನಲ್ಲಿ ಕೋಲನ್, ವಿಂಡೋಸ್‌ನಲ್ಲಿ ಸೆಮಿಕೋಲನ್ ಇರುತ್ತದೆ. ಸಾಮಾನ್ಯವಾಗಿ ಪಟ್ಟಿಯ ಮೊದಲ ಅಂಶ ಒಂದು ಚುಕ್ಕೆ, ಅಂದರೆ ಕೆಲಸದ ಫೋಲ್ಡರ್. ಅದರ ನಂತರ ಪಿಎಚ್‌ಪಿಯ ಜೊತೆಗೆ ಬಂದ ಲೈಬ್ರರಿಗಳ ಫೋಲ್ಡರ್. ಎಲ್ಲೂ ಸಿಗದಿದ್ದರೆ ಕೊನೆಯದಾಗಿ ಇನ್‌ಕ್ಲೂಡ್ ಸಾಲನ್ನು ಹೊಂದಿರುವ ಕಡತದ ಸ್ವಂತ ಫೋಲ್ಡರನ್ನೂ ನೋಡುತ್ತದೆ. ಮೆನು ಸಿಗುತ್ತಿದ್ದುದು ಈ ಕೊನೆಯ ಅವಕಾಶದಿಂದ. ಪಾತ್ ಚುಕ್ಕೆಯಿಂದಲೋ ಸ್ಲ್ಯಾಶ್‌ನಿಂದಲೋ ಶುರುವಾದರೆ ಮಾತ್ರ ಈ ಪಟ್ಟಿಯನ್ನು ಪಿಎಚ್‌ಪಿ ತೆರೆಯುವುದೇ ಇಲ್ಲ.

ಈ ಉದಾರತೆಯನ್ನು ನೆಚ್ಚಿಕೊಳ್ಳುವುದು ಕ್ಷೇಮವಲ್ಲ ಎಂಬುದು ಈ ಲೇಖಕನ ಅಭಿಪ್ರಾಯ. ಸ್ವಂತ ಫೋಲ್ಡರಿನ ಸರದಿ ಬರುವುದು ಕೊನೆಗೆ. ಅಷ್ಟರೊಳಗೆ ಕೆಲಸದ ಫೋಲ್ಡರಿನಲ್ಲಿ ಅದೇ ಹೆಸರಿನ ಬೇರೊಂದು ಕಡತವಿದ್ದರೆ ಪಿಎಚ್‌ಪಿ ಅದನ್ನೇ ತೆಗೆದುಕೊಂಡು ತೃಪ್ತವಾಗುತ್ತದೆ. ಕಾನ್ಫಿಗ್.ಪಿಎಚ್‌ಪಿ, ಫಂಕ್ಷನ್ಸ್.ಪಿಎಚ್‌ಪಿ ಎಂಬ ಹೆಸರಿನ ಕಡತಗಳು ಇಲ್ಲದ ತಾಣವೇ ಅಪರೂಪವಾಗಿರುವಾಗ ಇದು ಕೇವಲ ಕಲ್ಪನೆಯ ಅಪಾಯವಲ್ಲ. ಕಡತ ಸಿಗದಿದ್ದರೆ ಕನಿಷ್ಠ ಎಚ್ಚರಿಕೆಯಾದರೂ ಬರುತ್ತದೆ, ತಪ್ಪು ಕಡತ ಸಿಕ್ಕಿದರೆ ಅದೂ ಇರುವುದಿಲ್ಲ.

ಇದೇ ಕಾರಣಕ್ಕೆ ಇನ್ನೊಂದು ವಿಚಿತ್ರವೂ ನಡೆಯುತ್ತದೆ. ಕಡತ ಇದೆಯೇ ಎಂದು ಪರೀಕ್ಷಿಸುವ ‘ಫೈಲ್_ಎಕ್ಸಿಸ್ಟ್ಸ್’ ಫಂಕ್ಷನ್ ಈ ಪಟ್ಟಿಯನ್ನಾಗಲಿ ಸ್ವಂತ ಫೋಲ್ಡರನ್ನಾಗಲಿ ನೋಡುವುದಿಲ್ಲ, ಕೆಲಸದ ಫೋಲ್ಡರಿನಿಂದ ಮಾತ್ರ ಎಣಿಸುತ್ತದೆ. ಹಾಗಾಗಿ ಅದು ‘ಇಲ್ಲ’ ಎಂದ ಕಡತವನ್ನು ಮರುಸಾಲಿನ ಇನ್‌ಕ್ಲೂಡ್ ಹುಡುಕಿ ತರಬಹುದು.

## ಪ್ರತಿ ಕಡತವೂ ತನ್ನ ಜಾಗದಿಂದ ಎಣಿಸುವಂತೆ ಮಾಡುವುದು

ಪರಿಹಾರ ಸರಳವಾಗಿದೆ. 2009ರ ಪಿಎಚ್‌ಪಿ 5.3ರಲ್ಲಿ ‘__ಡಿಐಆರ್__’ ಎಂಬ ಸ್ಥಿರಪದ ಸೇರಿಕೊಂಡಿತು. ಅದನ್ನು ಮೂರು ದೊಡ್ಡ ಅಕ್ಷರಗಳಲ್ಲಿ, ಎರಡೂ ಬದಿಗೆ ಎರಡೆರಡು ಅಡಿಗೆರೆಗಳೊಂದಿಗೆ ಬರೆಯಬೇಕು. ಇದು ಯಾವ ಕಡತದಲ್ಲಿ ಬರೆಯಲ್ಪಟ್ಟಿದೆಯೋ ಆ ಕಡತದ ಫೋಲ್ಡರಿನ ಪೂರ್ಣ ಪಾತ್ ಅನ್ನು ಕೊಡುತ್ತದೆ. ಆ ಕಡತವನ್ನು ಯಾರು ಕರೆಸಿಕೊಂಡರು, ಕೆಲಸದ ಫೋಲ್ಡರ್ ಯಾವುದು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ತಲೆಪಟ್ಟಿಯ ಸಾಲನ್ನು ಹೀಗೆ ಬರೆದರೆ ಸಾಕು:

ಇನ್‌ಕ್ಲೂಡ್ __ಡಿಐಆರ್__ . '/ಮೆನು.ಪಿಎಚ್‌ಪಿ';

ನಡುವಿನ ಚುಕ್ಕೆ ಪಿಎಚ್‌ಪಿಯಲ್ಲಿ ಎರಡು ಪಠ್ಯಗಳನ್ನು ಜೋಡಿಸುವ ಚಿಹ್ನೆ. ತಲೆಪಟ್ಟಿಯಲ್ಲಿ ಇದು ಎಂದೆಂದಿಗೂ ‘/ಹೋಮ್/ಮಳಿಗೆ/ಸೈಟ್/ಭಾಗಗಳು/ಮೆನು.ಪಿಎಚ್‌ಪಿ’ ಎಂದೇ ಬಿಡಿಸಿಕೊಳ್ಳುತ್ತದೆ, ಮುಖಪುಟದಿಂದ ಬಂದರೂ ಸರಿ, ವರದಿಯಿಂದ ಬಂದರೂ ಸರಿ. ಇಡೀ ತಾಣವನ್ನು ಬೇರೆ ಸರ್ವರ್‌ಗೆ ಸಾಗಿಸಿ ಅಲ್ಲಿನ ಪೂರ್ಣ ಪಾತ್ ಬೇರೆಯಾದರೂ ಸಾಲನ್ನು ಮುಟ್ಟಬೇಕಾಗಿಲ್ಲ, ಏಕೆಂದರೆ ಫೋಲ್ಡರ್‌ಗಳ ಪರಸ್ಪರ ಸಂಬಂಧ ಬದಲಾಗಿರುವುದಿಲ್ಲ. ಪೂರ್ಣ ಪಾತ್‌ನ ನಿಶ್ಚಿತತೆ, ಸಾಪೇಕ್ಷ ಪಾತ್‌ನ ಸಾಗಣೆಯ ಅನುಕೂಲ ಎರಡೂ ಇದರಲ್ಲಿ ಕೂಡಿ ಬರುತ್ತವೆ.

ಹೆಸರಿನ ಮೊದಲಿನ ಸ್ಲ್ಯಾಶ್ ಮರೆಯಬಾರದು. ‘__ಡಿಐಆರ್__’ ಕೊಡುವ ಪಾತ್‌ನ ಕೊನೆಯಲ್ಲಿ ಸ್ಲ್ಯಾಶ್ ಇರುವುದಿಲ್ಲವಾದ್ದರಿಂದ, ಮರೆತರೆ ‘ಭಾಗಗಳುಮೆನು.ಪಿಎಚ್‌ಪಿ’ ಎಂಬ ಅಂಟಿಕೊಂಡ ಹೆಸರು ಹುಟ್ಟುತ್ತದೆ. ಎಚ್ಚರಿಕೆಯ ಸಾಲಿನಲ್ಲಿ ಇಂಥ ಹೆಸರು ಕಂಡರೆ ಬೇರೆ ತನಿಖೆ ಬೇಡ.

ಮೇಲಿನ ಫೋಲ್ಡರಿಗೆ ಹೋಗಬೇಕಾದಾಗ ‘__ಡಿಐಆರ್__’ ಮುಂದೆ ‘/../’ ಸೇರಿಸಬಹುದು, ಇಲ್ಲವೆ ‘ಡಿರ್‌ನೇಮ್’ ಫಂಕ್ಷನ್ ಬಳಸಬಹುದು. ಪಿಎಚ್‌ಪಿ 7ರಿಂದ ಎಷ್ಟು ಹಂತ ಮೇಲೇರಬೇಕೆಂಬುದನ್ನೂ ಅದಕ್ಕೆ ಹೇಳಬಹುದು. ಹಳೆಯ ತಾಣಗಳಲ್ಲಿ ಡಿರ್‌ನೇಮ್ ಫಂಕ್ಷನ್ನಿಗೆ ‘__ಫೈಲ್__’ ಕೊಟ್ಟಿರುವುದು ಕಾಣಸಿಗುತ್ತದೆ. ಅದು 5.3ಕ್ಕಿಂತ ಹಿಂದಿನವರು ಇದೇ ಕೆಲಸಕ್ಕೆ ಬಳಸುತ್ತಿದ್ದ ಬಗೆ, ಫಲಿತಾಂಶ ಒಂದೇ.

ದೊಡ್ಡ ತಾಣಗಳಲ್ಲಿ ತಾಣದ ಬೇರನ್ನು ಒಂದೇ ಕಡೆ ಹೆಸರಿಸಿಟ್ಟು ಎಲ್ಲೆಡೆ ಅದನ್ನೇ ಬಳಸುವ ಪದ್ಧತಿಯಿದೆ. ವರ್ಡ್‌ಪ್ರೆಸ್‌ನ ‘ಎಬಿಎಸ್‌ಪಾತ್’ ಇಂಥದು. ಇದಕ್ಕೆ ಬದಲಾಗಿ ವೆಬ್ ಸರ್ವರ್ ತಿಳಿಸುವ ಡಾಕ್ಯುಮೆಂಟ್ ರೂಟ್ ಮೌಲ್ಯವನ್ನೇ ಬಳಸುವವರೂ ಇದ್ದಾರೆ. ತಾಣವನ್ನು ನಾಳೆ ಒಂದು ಉಪಫೋಲ್ಡರಿಗೆ ಸರಿಸಿದರೆ ಅದು ಕೈಕೊಡುತ್ತದೆ. ವೆಬ್ ಸರ್ವರ್‌ನ ನೆರವಿಲ್ಲದೆ ಓಡುವ ಸ್ಕ್ರಿಪ್ಟ್‌ಗಳಲ್ಲಂತೂ ಆ ಮೌಲ್ಯ ಖಾಲಿಯಾಗಿರುತ್ತದೆ.

## ಕ್ರಾನ್ ಕೆಲಸ ಮಾತ್ರ ಏಕೆ ಕೆಡುತ್ತದೆ?

ಪ್ರತಿ ರಾತ್ರಿ ಮಾರಾಟದ ಲೆಕ್ಕವನ್ನು ಕಳುಹಿಸುವಂಥ ಕೆಲಸಗಳನ್ನು ಲಿನಕ್ಸ್‌ನ ಕ್ರಾನ್ ಎಂಬ ವ್ಯವಸ್ಥೆಗೆ ಒಪ್ಪಿಸುತ್ತಾರೆ. ಬ್ರೌಸರ್‌ನಲ್ಲಿ ತೆರೆದಾಗ ಸರಿಯಾಗಿ ಓಡುವ ಸ್ಕ್ರಿಪ್ಟ್ ಕ್ರಾನ್‌ನಲ್ಲಿ ಸೋಲುವುದಕ್ಕೆ ಕಾರಣ ಮತ್ತೆ ಕೆಲಸದ ಫೋಲ್ಡರ್. ಆಜ್ಞಾಸಾಲಿನಿಂದ ಓಡಿಸಿದಾಗ ಪಿಎಚ್‌ಪಿ ಕೆಲಸದ ಫೋಲ್ಡರನ್ನು ಸ್ಕ್ರಿಪ್ಟ್ ಇರುವಲ್ಲಿಗೆ ಬದಲಿಸುವುದಿಲ್ಲ. ಆಜ್ಞೆ ಕೊಟ್ಟವರು ಎಲ್ಲಿದ್ದರೋ ಅದನ್ನೇ ಉಳಿಸಿಕೊಳ್ಳುತ್ತದೆ. ಕ್ರಾನ್ ಸಾಮಾನ್ಯವಾಗಿ ಬಳಕೆದಾರನ ಹೋಮ್ ಫೋಲ್ಡರಿನಿಂದ ಕೆಲಸ ಆರಂಭಿಸುವುದರಿಂದ ‘../ಭಾಗಗಳು’ ಎಂಬುದು ಸಂಬಂಧವೇ ಇಲ್ಲದ ಕಡೆಗೆ ಬೊಟ್ಟು ಮಾಡುತ್ತದೆ. ಕ್ರಾನ್ ಸಾಲಿನಲ್ಲೇ ಮೊದಲು ‘ಸಿಡಿ’ ಆಜ್ಞೆಯಿಂದ ಸರಿಯಾದ ಫೋಲ್ಡರಿಗೆ ಹೋಗಿ ನಂತರ ಸ್ಕ್ರಿಪ್ಟ್ ಓಡಿಸುವುದು ತಾತ್ಕಾಲಿಕ ಉಪಾಯ, ‘__ಡಿಐಆರ್__’ ಶಾಶ್ವತವಾದುದು. ಇನ್‌ಕ್ಲೂಡ್‌ಗೆ ಮಾತ್ರವಲ್ಲ, ಲಾಗ್ ಬರೆಯುವ, ಸಿಎಸ್‌ವಿ ಓದುವ ಸಾಲುಗಳಿಗೂ ಇದು ಅನ್ವಯಿಸುತ್ತದೆ.

## ವಿಂಡೋಸ್‌ನಿಂದ ಲಿನಕ್ಸ್‌ಗೆ ಬಂದಾಗ

ಲ್ಯಾಪ್‌ಟಾಪಿನಲ್ಲಿ ಓಡಿದ್ದು ಸರ್ವರ್‌ನಲ್ಲಿ ಓಡದಿರುವುದಕ್ಕೆ ಬಹಳ ಸಲ ಕಾರಣ ಇಂಗ್ಲಿಷ್‌ನ ದೊಡ್ಡ ಮತ್ತು ಚಿಕ್ಕ ಅಕ್ಷರಗಳು. ವಿಂಡೋಸ್ ಕಡತದ ಹೆಸರುಗಳಲ್ಲಿ ಇವೆರಡನ್ನೂ ಒಂದೇ ಎಂದು ಎಣಿಸುತ್ತದೆ, ಮ್ಯಾಕ್ ಕೂಡ ರೂಢಿಯಲ್ಲಿ ಹಾಗೆಯೇ. ಲಿನಕ್ಸ್‌ಗೆ ಅವು ಬೇರೆ ಬೇರೆ ಹೆಸರುಗಳು. ಕಡತದ ಹೆಸರು ದೊಡ್ಡ ‘ಎಚ್’ನಿಂದ ಶುರುವಾಗಿ ಇನ್‌ಕ್ಲೂಡ್‌ನಲ್ಲಿ ಚಿಕ್ಕದನ್ನು ಬರೆದಿದ್ದರೆ ಹೋಸ್ಟಿಂಗ್‌ನಲ್ಲಿ ಆ ಕಡತ ಸಿಗುವುದಿಲ್ಲ. ಕಡತ, ಫೋಲ್ಡರ್ ಎಲ್ಲಕ್ಕೂ ಚಿಕ್ಕ ಅಕ್ಷರಗಳನ್ನೇ ಬಳಸಿದರೆ ಈ ಗೋಜೇ ಇಲ್ಲ.

ಎರಡನೆಯದು ಬ್ಯಾಕ್‌ಸ್ಲ್ಯಾಶ್. ವಿಂಡೋಸ್‌ನಲ್ಲಿ ಫೋಲ್ಡರ್‌ಗಳ ನಡುವೆ ಬರುವ ಈ ಹಿಮ್ಮುಖ ಗೆರೆ 1983ರ ಎಂಎಸ್-ಡಾಸ್ 2.0ರ ಬಳುವಳಿ. ಪಿಎಚ್‌ಪಿಯಲ್ಲಿ ಜೋಡಿ ಉದ್ಧರಣ ಚಿಹ್ನೆಯೊಳಗೆ ಇದಕ್ಕೆ ಬೇರೆ ಅರ್ಥವಿದೆ: ಬ್ಯಾಕ್‌ಸ್ಲ್ಯಾಶ್ ನಂತರ ಚಿಕ್ಕ ‘ಎನ್’ ಬಂದರೆ ಹೊಸ ಸಾಲು, ‘ಟಿ’ ಬಂದರೆ ಟ್ಯಾಬ್. ಆ ಅಕ್ಷರಗಳಿಂದ ಶುರುವಾಗುವ ಫೋಲ್ಡರ್ ಹೆಸರು ಹೀಗೆ ನಡುವೆಯೇ ಮುರಿದುಹೋಗುತ್ತದೆ. ಪಿಎಚ್‌ಪಿ ವಿಂಡೋಸ್‌ನಲ್ಲೂ ಮಾಮೂಲಿ ಸ್ಲ್ಯಾಶನ್ನು ಒಪ್ಪುವುದರಿಂದ ಎಲ್ಲೆಡೆ ಅದನ್ನೇ ಬರೆಯುವುದು ಉತ್ತಮ.

## ಪಾತ್ ಹೊರಗಿನವರ ಕೈಗೆ ಸಿಕ್ಕರೆ

ವೆಬ್ ವಿಳಾಸದಲ್ಲಿ ಬಂದ ಪದವನ್ನೇ ನೇರವಾಗಿ ಇನ್‌ಕ್ಲೂಡ್‌ಗೆ ಜೋಡಿಸುವ ತಾಣಗಳು ಹಿಂದೆ ಹೇರಳವಾಗಿದ್ದವು. ವಿಳಾಸದಲ್ಲಿ ‘ಪುಟ=ಸಂಪರ್ಕ’ ಎಂದಿದ್ದರೆ ಸಂಪರ್ಕ.ಪಿಎಚ್‌ಪಿ ತೆರೆಯುವ ಈ ಏರ್ಪಾಡು ಅನುಕೂಲವಾಗಿ ಕಂಡರೂ, ‘ಸಂಪರ್ಕ’ದ ಜಾಗದಲ್ಲಿ ಯಾರು ಬೇಕಾದರೂ ‘../../../../’ ಎಂದು ಬರೆದು ಡಾಕ್ಯುಮೆಂಟ್ ರೂಟ್‌ನ ಹೊರಗಿರುವ ಕಡತಗಳತ್ತ ಕೈಚಾಚಬಹುದು. ಡಿಸ್ಕ್‌ನ ಬೇರಿನಿಂದ ಮೇಲಕ್ಕೆ ಹೋಗಲು ಜಾಗವಿಲ್ಲದ ಕಾರಣ ಎರಡು ಚುಕ್ಕೆಗಳನ್ನು ಎಷ್ಟು ಹೆಚ್ಚು ಬರೆದರೂ ಬೇರಿನಲ್ಲೇ ನಿಲ್ಲುತ್ತದೆ. ಆಕ್ರಮಣಕಾರರಿಗೆ ಆಳ ಎಷ್ಟೆಂದು ತಿಳಿಯಬೇಕಾಗಿಯೂ ಇಲ್ಲ. ಕೊನೆಗೆ ‘.ಪಿಎಚ್‌ಪಿ’ ಸೇರಿಸಿಟ್ಟರೆ ಸಾಕೆಂದು ನಂಬಿದ್ದವರನ್ನು ಶೂನ್ಯ ಬೈಟ್ ಎಂಬ ತಂತ್ರ (ಹೆಸರಿನಲ್ಲಿ ಕಾಣದ ಅಕ್ಷರವೊಂದನ್ನು ತೂರಿಸಿ ಅದರ ನಂತರದ ಭಾಗ ಲೆಕ್ಕಕ್ಕೇ ಬರದಂತೆ ಮಾಡುವುದು) ಮೋಸಗೊಳಿಸುತ್ತಿತ್ತು, ಪಿಎಚ್‌ಪಿ 5.3.4ರಲ್ಲಿ ಅದಕ್ಕೆ ತಡೆ ಬಿತ್ತು. ಅನುಮತಿಸಿದ ಪುಟಗಳ ಪಟ್ಟಿಯನ್ನು ಸ್ಕ್ರಿಪ್ಟ್‌ನಲ್ಲೇ ಇಟ್ಟುಕೊಂಡು, ಬಂದ ಪದ ಆ ಪಟ್ಟಿಯಲ್ಲಿದ್ದರೆ ಮಾತ್ರ ನಾವೇ ಬರೆದಿಟ್ಟ ಪಾತ್ ಅನ್ನು ಬಳಸುವುದೇ ನೆಚ್ಚಬಹುದಾದ ಕ್ರಮ.

ಡೇಟಾಬೇಸ್ ಪಾಸ್‌ವರ್ಡ್ ಇರುವ ಕಡತ ಡಾಕ್ಯುಮೆಂಟ್ ರೂಟ್‌ನ ಹೊರಗಿರುವುದು ಲೇಸು. ನಮ್ಮ ಉದಾಹರಣೆಯಲ್ಲಿ ಅದನ್ನು ‘/ಹೋಮ್/ಮಳಿಗೆ/ಗುಪ್ತ’ ಎಂಬ ಫೋಲ್ಡರಿನಲ್ಲಿಟ್ಟರೆ ಬ್ರೌಸರ್‌ಗೆ ಅದನ್ನು ಕೇಳುವ ದಾರಿಯೇ ಇರುವುದಿಲ್ಲ, ಆದರೆ ಮುಖಪುಟ ‘__ಡಿಐಆರ್__’ ಮುಂದೆ ‘/../ಗುಪ್ತ/’ ಸೇರಿಸಿ ಅದನ್ನು ತೆರೆಯಬಲ್ಲದು. ಸೇರಿಸಿಕೊಳ್ಳುವ ಕಡತಗಳಿಗೆ ‘.ಇಂಕ್’ ಎಂಬ ಬಾಲ ಇಡುವ ಹಳೆಯ ಅಭ್ಯಾಸವನ್ನು ಬಿಡಬೇಕು. ಪ್ರತ್ಯೇಕವಾಗಿ ತಿಳಿಸದ ಹೊರತು ವೆಬ್ ಸರ್ವರ್ ಅಂಥ ಕಡತವನ್ನು ಪಿಎಚ್‌ಪಿ ಎಂದು ಗುರುತಿಸುವುದಿಲ್ಲ. ಅದರ ವಿಳಾಸ ಊಹಿಸಿದವರಿಗೆ ಪಾಸ್‌ವರ್ಡ್ ಸಮೇತ ಎಲ್ಲವನ್ನೂ ಬರಹವಾಗಿ ತೋರಿಸಿಬಿಡುತ್ತದೆ.

## ತಲೆಪಟ್ಟಿಯೊಳಗಿನ ಚಿತ್ರಗಳು

ಇನ್‌ಕ್ಲೂಡ್ ಸರಿಯಾದ ಮೇಲೂ ವರದಿಯ ಪುಟದಲ್ಲಿ ಅಂಗಡಿಯ ಲಾಂಛನ ಕಾಣದೆ ಹೋಗಬಹುದು. ಇದಕ್ಕೆ ‘__ಡಿಐಆರ್__’ ಮದ್ದಲ್ಲ. ಚಿತ್ರ, ಸಿಎಸ್‌ಎಸ್, ಲಿಂಕುಗಳ ಪಾತ್ ಅನ್ನು ಬಿಡಿಸುವುದು ಬ್ರೌಸರ್. ಅದು ಎಣಿಸುವುದು ತನ್ನ ವಿಳಾಸಪಟ್ಟಿಯಲ್ಲಿರುವ ಪುಟದಿಂದ. ತಲೆಪಟ್ಟಿ ಪ್ರತ್ಯೇಕ ಕಡತವೆಂಬ ವಿಷಯವೇ ಬ್ರೌಸರ್‌ಗೆ ತಿಳಿದಿರುವುದಿಲ್ಲ. ಇಲ್ಲಿ ಮಾತ್ರ ಮೊದಲಿಗೆ ಸ್ಲ್ಯಾಶ್ ಇಟ್ಟು ತಾಣದ ಬೇರಿನಿಂದ ಬರೆಯುವುದು ಸರಿ. ವರ್ಡ್‌ಪ್ರೆಸ್ ಪ್ಲಗಿನ್ ಬರೆಯುವವರಿಗೆ ಡಿಸ್ಕ್‌ನ ಪಾತ್ ಕೊಡಲು ಒಂದು ಫಂಕ್ಷನ್, ವೆಬ್ ವಿಳಾಸ ಕೊಡಲು ಇನ್ನೊಂದು ಫಂಕ್ಷನ್ ಪ್ರತ್ಯೇಕವಾಗಿ ಇರುವುದು ಇದೇ ಕಾರಣಕ್ಕೆ.

## ಎಚ್ಚರಿಕೆಯ ಸಾಲನ್ನು ಓದುವ ಬಗೆ

ಕಡತ ಸಿಗದಿದ್ದಾಗ ಪಿಎಚ್‌ಪಿ ಎರಡು ಸಂದೇಶಗಳನ್ನು ಕೊಡುತ್ತದೆ. ಮೊದಲನೆಯದು ಯಾವ ಪಾತ್ ತೆರೆಯಲು ಹೋಗಿ ಸೋತೆ, ಏಕೆ ಸೋತೆ ಎಂಬುದನ್ನೂ, ಎರಡನೆಯದು ಆಗ ಜಾರಿಯಲ್ಲಿದ್ದ ಇನ್‌ಕ್ಲೂಡ್_ಪಾತ್ ಪಟ್ಟಿಯನ್ನೂ ಹೇಳುತ್ತದೆ. ಎರಡರಲ್ಲೂ ತೊಂದರೆಯಾದ ಕಡತದ ಹೆಸರು, ಸಾಲಿನ ಸಂಖ್ಯೆ ಇರುತ್ತವೆ. ಕಾರಣ ‘ನೋ ಸಚ್ ಫೈಲ್’ ಎಂದಿದ್ದರೆ ಆ ಸಾಲಿನ ಮೊದಲು ‘ಗೆಟ್‌ಸಿಡಬ್ಲ್ಯುಡಿ’ ಫಂಕ್ಷನ್‌ನಿಂದ ಕೆಲಸದ ಫೋಲ್ಡರನ್ನು ಮುದ್ರಿಸಿ ನೋಡಿ, ಪಾತ್ ಅನ್ನು ಅದಕ್ಕೆ ಜೋಡಿಸಿ ಓದಿದರೆ ಪಿಎಚ್‌ಪಿ ಎಲ್ಲಿ ಹುಡುಕಿತೆಂಬುದು ತಿಳಿಯುತ್ತದೆ. ‘ಪರ್ಮಿಷನ್ ಡಿನೈಡ್’ ಎಂದಿದ್ದರೆ ಪಾತ್ ಸರಿಯಾಗಿಯೇ ಇದೆ, ಕಡತವನ್ನು ಓದುವ ಅಥವಾ ನಡುವಿನ ಯಾವುದೋ ಫೋಲ್ಡರನ್ನು ಹಾದುಹೋಗುವ ಅನುಮತಿ ಇಲ್ಲ. ‘ಓಪನ್_ಬೇಸ್‌ಡಿರ್’ ಎಂಬ ಪದ ಕಂಡರೆ ಹೋಸ್ಟಿಂಗ್‌ನವರು ಹಾಕಿದ ಗಡಿಯಾಚೆ ನಾವು ಕಾಲಿಡುತ್ತಿದ್ದೇವೆ, ಅದನ್ನು ಅವರೊಡನೆಯೇ ಮಾತಾಡಬೇಕು. ಯಾವ ಸಂದೇಶವೂ ಇಲ್ಲದೆ ಪುಟ ಬರಿಯ ಬಿಳಿಯಾಗಿ ಬಂದರೆ, ದೋಷಗಳನ್ನು ಓದುಗರಿಗೆ ತೋರಿಸದಂತೆ ಸರ್ವರ್ ಅನ್ನು ಹೊಂದಿಸಿದ್ದಾರೆಂದು ತಿಳಿದು ಎರರ್ ಲಾಗ್ ತೆರೆಯಬೇಕು. ಅವೇ ಎರಡು ಸಾಲುಗಳು ಅಲ್ಲಿ ದಾಖಲಾಗಿರುತ್ತವೆ.